ಅಕ್ಕ-ಭಾವನವರನ್ನು ಬೀಳ್ಕೊಟ್ಟ ಮೇಲೆ

ಪ್ರೀತಿಯ ಅಪ್ಪ, ಅಮ್ಮನಿಗೆ,

ಕರ್ತನ ನಾಮದಲ್ಲಿ ವಂದನೆಗಳು. ನಾವು ಮೂವರೂ ಕ್ಷೇಮ. ಮೊನ್ನೆ ಫೋನಿನಲ್ಲಿ ಅಮ್ಮ "ಯಾಕೆ ಸ್ವರ ಹಾಗಿದೆ?" ಅಂತ ಕೇಳಿದರು. ಬರೆದು ತಿಳಿಸುತ್ತೇನೆ ಅಂದಿದ್ದೆ, ಅದಕ್ಕೇ ಈ ಪತ್ರ.

ನಮ್ಮ ಸಭೆಯ ಅಕ್ಕ, ಭಾವ ಮಕ್ಕಳ ಸಮೇತ ಇಲ್ಲಿಂದ ಹೊರಟರು. ಭಾವನವರಿಗೆ ಬೇರೆ ದೇಶದಲ್ಲಿ ಕೆಲಸ ಸಿಕ್ಕಿದೆ. ಇಲ್ಲಿ ನಮ್ಮ ಭಾನುವಾರದ ಆರಾಧನೆ ಶುರುವಾಗುವ ಹೊತ್ತಿಗೆ ಅಲ್ಲಿ ಭಾನುವಾರವೇ ಮುಗಿಯುತ್ತಾ ಬಂದಿರುತ್ತದೆ. ಅಷ್ಟು ದೂರ.

ಅವರು ನಮಗೆ ಏನಾಗಿದ್ದರು ಅನ್ನುವುದು ನಿಮಗೆ ಗೊತ್ತಿಲ್ಲದ್ದೇನಲ್ಲ. ಪಾಪು ಹುಟ್ಟಿದಾಗ ಅಮ್ಮನಿಗೆ ಬರಲಾಗಲಿಲ್ಲ. ನನ್ನ ಬಾಣಂತನ ಮಾಡಿದ್ದು ಅಕ್ಕ. ಅಪರಾತ್ರಿಯಲ್ಲಿ ಮಗು ಅತ್ತರೆ ಎತ್ತಿ ಹೆಗಲಿಗೆ ಹಾಕಿಕೊಂಡು, "ನೀನು ಮಲಗು" ಅಂತ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಹೋಗುತ್ತಿದ್ದರು. ಹಾಲ್‌ನಲ್ಲಿ ಅವರು ಮೆಲ್ಲಗೆ ಕೀರ್ತನೆ ಗುನುಗುವುದು ಕೇಳುತ್ತಾ ನಿದ್ದೆ ಹೋಗುತ್ತಿದ್ದೆ. ದೀಕ್ಷಾಸ್ನಾನದ ದಿನ ನಮ್ಮ ಪಕ್ಕ ನಿಂತು ಮಗುವಿನ ಪರವಾಗಿ ಉತ್ತರ ಕೊಟ್ಟವರೂ ಅವರೇ. ಇವರ ಕೆಲಸ ಹೋಗಿದ್ದ ತಿಂಗಳುಗಳಲ್ಲಿ ಭಾವ ಸಂಜೆ ಬಂದು ಕೂರುತ್ತಿದ್ದರು. ಬುದ್ಧಿಮಾತು ಹೇಳಿದವರಲ್ಲ. ಇವರ ಜೊತೆ ಕೂತು ಅರ್ಜಿಗಳನ್ನು ಓದಿ, ತಿದ್ದಿ, ಕೊನೆಗೆ ಪ್ರಾರ್ಥನೆ ಮಾಡಿ ಹೋಗುತ್ತಿದ್ದರು.

ಕೊನೆಯ ಭಾನುವಾರ ಸಭಾಪಾಲಕರು ಅವರ ಕುಟುಂಬವನ್ನು ಮುಂದೆ ಕರೆದರು. ಸತ್ಯವೇದದಿಂದ, ಅಂತಿಯೋಕ್ಯದ ಸಭೆ ಬಾರ್ನಬ ಮತ್ತು ಪೌಲರನ್ನು ಸುವಾರ್ತೆ ಸಾರಲು ಕಳಿಸಿಕೊಟ್ಟದ್ದನ್ನು ಓದಿ, ಹಿರಿಯರೆಲ್ಲ ಕೈಯಿಟ್ಟು ಪ್ರಾರ್ಥಿಸಿದರು. ಕಿರಿಯವನ ತಲೆಯ ಮೇಲೆ ನಾಲ್ಕಾರು ದೊಡ್ಡವರ ಕೈ. ಭಾರಕ್ಕೆ ಕುತ್ತಿಗೆ ತಗ್ಗಿಸಿ, ಒಂದೇ ಕಣ್ಣು ತೆರೆದು, ಮುಂದಿನ ಸಾಲಿನಲ್ಲಿದ್ದ ನಮ್ಮ ಪಾಪುವನ್ನೇ ನೋಡುತ್ತಿದ್ದ. ಆಮೇಲೆ ಸದಸ್ಯತ್ವ ವರ್ಗಾವಣೆಯ ಪತ್ರ ಕೊಟ್ಟರು. ಅಪ್ಪ, ನೀವು ಸಭೆಯ ಕಾರ್ಯದರ್ಶಿಯಾಗಿದ್ದಾಗ ಇಂಥ ಪತ್ರಗಳನ್ನು ಎಷ್ಟು ಜೋಪಾನವಾಗಿ ಬರೆಯುತ್ತಿದ್ದಿರಿ! ನನಗೆ ಆಗ ಅದು ಬರೀ ಕಚೇರಿಯ ಕಾಗದ. ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೇ ಅಧ್ಯಾಯದಲ್ಲಿ ಪೌಲನು ಫೊಯಿಬೆಗಾಗಿ ಬರೆದದ್ದೂ ಅದೇ ಅಲ್ಲವೇ: ಇವಳು ನಮ್ಮ ಸಹೋದರಿ, ಸೇರಿಸಿಕೊಳ್ಳಿ, ಏನು ಬೇಕೋ ಅದರಲ್ಲಿ ಸಹಾಯ ಮಾಡಿ. ಭಾವ ಆ ಲಕೋಟೆಯನ್ನು ಸತ್ಯವೇದದೊಳಗೆ ಇಟ್ಟುಕೊಂಡರು.

ಆರಾಧನೆ ಮುಗಿದ ಮೇಲೆ ಹಲವರು ಬಂದು ನನ್ನನ್ನು ಸಮಾಧಾನ ಮಾಡಿದರು. "ವಿಡಿಯೋ ಕಾಲ್ ಇದೆಯಲ್ಲ", "ಹೇಗೂ ಪರಲೋಕದಲ್ಲಿ ಕೂಡುತ್ತೇವಲ್ಲ, ಅಳಬಾರದು" ಅಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ಅಳಬಾರದು ಅನ್ನುವುದನ್ನು ನಾನು ಒಪ್ಪುವುದಿಲ್ಲ ಅಪ್ಪ. ಮಿಲೇತದಲ್ಲಿ ಎಫೆಸದ ಹಿರಿಯರು ಪೌಲನ ಕೊರಳನ್ನು ತಬ್ಬಿಕೊಂಡು ಬಹಳವಾಗಿ ಅತ್ತರು ಎಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಇನ್ನು ಅವನ ಮುಖ ಕಾಣುವುದಿಲ್ಲ ಎನ್ನುವುದೇ ಅವರಿಗೆ ಎಲ್ಲಕ್ಕಿಂತ ಹೆಚ್ಚಿನ ದುಃಖ. ಪುನರುತ್ಥಾನದ ನಿರೀಕ್ಷೆ ಪೌಲನಿಗಿಂತ ಹೆಚ್ಚು ಯಾರಿಗಿತ್ತು? ಆದರೂ ಅಲ್ಲಿ ಯಾರೂ ಯಾರಿಗೂ ಅಳಬೇಡ ಅನ್ನಲಿಲ್ಲ. ಇನ್ನು ಫೋನಿನ ಮಾತು. ಯೋಹಾನನು ತನ್ನ ಎರಡನೆಯ ಪತ್ರಿಕೆ ಮುಗಿಸುವಾಗ, ಬರೆಯುವುದು ಬಹಳ ಇದ್ದರೂ ಕಾಗದ ಮಸಿಯಿಂದ ಬರೆಯಲು ಮನಸ್ಸಿಲ್ಲ, ನಿಮ್ಮಲ್ಲಿಗೆ ಬಂದು ಮುಖಾಮುಖಿಯಾಗಿ ಮಾತಾಡಬೇಕೆಂದಿದ್ದೇನೆ ಅನ್ನುತ್ತಾನೆ. ಫೋನಿನಲ್ಲಿ ಅಕ್ಕನ ಮುಖ ಕಾಣಬಹುದು, ಆದರೆ ಪಾಪುವನ್ನು ಅವರ ಹೆಗಲಿಗೆ ಕೊಡಲಾಗುವುದಿಲ್ಲ.

ಅಪೊಸ್ತಲರ ಕೃತ್ಯಗಳಲ್ಲಿ ಮಿಲೇತದ ಆ ಸಂಗತಿಯ ಮುಂದಿನ ಅಧ್ಯಾಯದಲ್ಲಿ ತೂರ್ ಪಟ್ಟಣದ ಸಂಗತಿ ಬರುತ್ತದೆ. ಪೌಲನೂ ಜೊತೆಯವರೂ ಅಲ್ಲಿ ಇದ್ದದ್ದು ಏಳೇ ದಿನ. ಹೊರಡುವಾಗ ಶಿಷ್ಯರೆಲ್ಲರೂ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರ ಹೊರಗಿನವರೆಗೆ ಬಂದು, ಸಮುದ್ರ ತೀರದಲ್ಲಿ ಮೊಣಕಾಲೂರಿ ಪ್ರಾರ್ಥಿಸಿದರು. ಆಮೇಲೆ ಆ ಪುಸ್ತಕ ಬರೆದ ಲೂಕನು ಹೇಳುವುದು ಇಷ್ಟೇ: ನಾವು ಹಡಗು ಹತ್ತಿದೆವು, ಅವರು ತಮ್ಮ ತಮ್ಮ ಮನೆಗಳಿಗೆ ಹಿಂದಿರುಗಿದರು. ಲೂಕನು ಹಡಗಿನಲ್ಲಿದ್ದವನು, ಅವನ ಕಥೆ ಮುಂದೆ ಹೋಗುತ್ತದೆ. ಮಕ್ಕಳನ್ನು ನಡೆಸಿಕೊಂಡು ಊರೊಳಗೆ ಮರಳಿದವರ ಸಂಜೆ ಹೇಗಿತ್ತೆಂದು ಬರೆದವರಿಲ್ಲ. ಅಕ್ಕನವರನ್ನು ವಿಮಾನ ನಿಲ್ದಾಣದಲ್ಲಿ ಬಿಟ್ಟು ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಹಿಂದಿನ ಸೀಟಿನಲ್ಲಿ ಅವರ ಚಿಕ್ಕವನ ಒಂದು ಕಾಲುಚೀಲ ಉಳಿದುಬಿಟ್ಟಿತ್ತು.

ಇಷ್ಟು ವರ್ಷ ನಾನು ಯಾವಾಗಲೂ ಹೊರಡುವವಳೇ ಆಗಿದ್ದೆ. ಹೊರಡುವವರಿಗೆ ಪಾಸ್‌ಪೋರ್ಟು, ಪೆಟ್ಟಿಗೆ, ಹೊಸ ಊರು ಅಂತ ಮನಸ್ಸಿಗೆ ಕೆಲಸವಿರುತ್ತದೆ. ಹಿಂದಿರುಗುವವರಿಗೆ ಏನಿರುತ್ತದೆ? ನನ್ನನ್ನು ಮೊದಲ ಸಲ ಕಳಿಸಿಕೊಟ್ಟು ಮನೆಗೆ ಬಂದ ಮೇಲೆ ನೀವಿಬ್ಬರೂ ಆ ದಿನ ಏನು ಮಾಡಿದಿರಿ? ಅಮ್ಮ ನನ್ನ ಕೋಣೆ ಗುಡಿಸಿದರಾ, ಹಾಗೇ ಬಿಟ್ಟರಾ? ನಾನು ಕೇಳಿಯೇ ಇಲ್ಲ, ನೀವೂ ಹೇಳಿಲ್ಲ. ಈಗ ತಿಳಿಯಬೇಕು ಅನ್ನಿಸುತ್ತಿದೆ. ಅಪ್ಪ, ಫೋನಿನಲ್ಲಿ ಬೇಡ, ಬರೆದು ಕಳಿಸಿ.

ಅಕ್ಕನ ಮನೆಯಲ್ಲಿ ನಡೆಯುತ್ತಿದ್ದ ಬುಧವಾರದ ಪ್ರಾರ್ಥನಾ ಕೂಟ ಇನ್ನು ಮೇಲೆ ನಮ್ಮ ಮನೆಯಲ್ಲಿ. ಅವರ ಹಾಡಿನ ಪುಸ್ತಕಗಳನ್ನೂ ಮಡಚುವ ಕುರ್ಚಿಗಳನ್ನೂ ನಮಗೇ ಬಿಟ್ಟು ಹೋಗಿದ್ದಾರೆ. ಹೊಸದಾಗಿ ಬಂದಿರುವ ಒಂದು ಜೋಡಿಯನ್ನೂ ಕರೆದಿದ್ದೇವೆ. ಆ ಹುಡುಗಿ ಈಗ ತುಂಬು ಗರ್ಭಿಣಿ, ಅವಳಿಗೂ ಇಲ್ಲಿ ತನ್ನವರು ಅಂತ ಯಾರೂ ಇಲ್ಲ.

ಅಮ್ಮ, ನಿಮ್ಮ ಸಂಜೆ ಪ್ರಾರ್ಥನೆಯಲ್ಲಿ ಅಕ್ಕನ ಮನೆಯವರನ್ನು ಮರೆಯಬೇಡಿ. ಹೋದ ಊರಿನಲ್ಲಿ ಅವರಿಗೆ ಇನ್ನೂ ಸಭೆ ಸಿಕ್ಕಿಲ್ಲ. ದೊಡ್ಡ ಹುಡುಗಿ ಹೊಸ ಶಾಲೆಯಲ್ಲಿ ಯಾರ ಜೊತೆಯೂ ಮಾತಾಡುತ್ತಿಲ್ಲವಂತೆ.

ನಿಮ್ಮ ಪ್ರೀತಿಯ ಮಗಳು