ಹಡಗಿಗಿಂತ ಮೊದಲು ಬಂದರನ್ನು ನೋಡು: ಕೆರಿಬಿಯನ್ ಯಾನಕ್ಕೆ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಬರುವ ಚಳಿಗಾಲದಲ್ಲಿ ನೀವಿಬ್ಬರೂ ಇಲ್ಲಿ ಅಮೆರಿಕದಲ್ಲಿರುವ ಮಗಳ ಮನೆಗೆ ಬರುತ್ತಿರುವುದು, ಬಂದವರು ಒಂದು ವಾರ ಕೆರಿಬಿಯನ್ ಕ್ರೂಸ್‌ಗೂ ಹೋಗಬೇಕೆಂದಿರುವುದು ತಿಳಿದು ಬಹಳ ಸಂತೋಷವಾಯಿತು. ಯಾವ ಹಡಗು ಒಳ್ಳೆಯದು ಎಂದು ಕೇಳಿದ್ದೀಯೆ. ನನ್ನನ್ನು ಕೇಳಿದರೆ ಹಡಗಿನ ಮಾತು ಆಮೇಲಿನದು. ಊಟ, ಈಜುಕೊಳ, ರಾತ್ರಿಯ ನಾಟಕ ಎಲ್ಲ ಹಡಗುಗಳಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯವು. ಯಾವ ಬಂದರುಗಳಲ್ಲಿ, ಯಾವ ಹೊತ್ತಿಗೆ, ಎಷ್ಟು ತಾಸು ನಿಲ್ಲುತ್ತದೆ ಎಂಬುದರ ಮೇಲೆ ಯಾತ್ರೆಯ ಸಾರ್ಥಕತೆ ನಿಂತಿದೆ.

ಇಲ್ಲಿ ಕ್ರೂಸ್‌ಗೆ ಹೋಗಿಬಂದವರೆಲ್ಲರ ಬಳಿಯೂ ಅತ್ಯುತ್ತಮ ತಾಣ, ಅತಿ ಕಳಪೆ ತಾಣ ಎಂಬ ಎರಡು ಪಟ್ಟಿಗಳು ಸಿದ್ಧವಾಗಿರುತ್ತವೆ. ಒಬ್ಬರ ಮೊದಲ ಪಟ್ಟಿಯಲ್ಲಿರುವ ಊರು ಇನ್ನೊಬ್ಬರ ಎರಡನೆಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ತೀರ ಸಾಮಾನ್ಯ. ಇಂಥ ಮಾತುಗಳನ್ನು ವರ್ಷಗಳಿಂದ ಕೇಳುತ್ತ, ಆ ಬಂದರುಗಳಲ್ಲಿ ಕೆಲವನ್ನು ನಾನೇ ಕಾಲಿಟ್ಟು ನೋಡುತ್ತ ಬಂದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ಜನ ತೀರ್ಪು ಕೊಡುತ್ತಿರುವುದು ಬಹುಪಾಲು ಹಡಗು ಬಂದು ನಿಲ್ಲುವ ಧಕ್ಕೆಯ ಬಗ್ಗೆ, ಊರಿನ ಬಗ್ಗೆ ಅಲ್ಲ. ಆದ್ದರಿಂದ ಯಾರಾದರೂ ಒಂದು ದ್ವೀಪವನ್ನು ಹೊಗಳಿದರೂ ತೆಗಳಿದರೂ, ಅವರು ಧಕ್ಕೆಯಿಂದ ಎಷ್ಟು ದೂರ ಹೋಗಿದ್ದರು ಎಂದು ಕೇಳಿಬಿಡು.

ಬಹಾಮಾಸ್‌ನ ನಸ್ಸಾವನ್ನು ತೆಗೆದುಕೊ. ಕಳಪೆ ತಾಣಗಳ ಮಾತು ಬಂದಾಗ ಮೊದಲು ಕೇಳಿಬರುವ ಹೆಸರು ಇದೇ. (ಬಹಾಮಾಸ್ ಇರುವುದು ಅಟ್ಲಾಂಟಿಕ್ ಸಾಗರದಲ್ಲಿ, ಕ್ರೂಸ್ ಕಂಪನಿಗಳ ಲೆಕ್ಕದಲ್ಲಿ ಮಾತ್ರ ಅದೂ ಕೆರಿಬಿಯನ್.) ಮಯಾಮಿಗೆ ಒಂದೇ ರಾತ್ರಿಯ ದೂರದಲ್ಲಿರುವುದರಿಂದ ಮೂರು ನಾಲ್ಕು ದಿನಗಳ ಅಗ್ಗದ ಯಾನಗಳಲ್ಲಿ ಬಹಳಷ್ಟು ಅಲ್ಲಿಗೇ ಹೋಗುತ್ತವೆ. ಒಂದೇ ದಿನ ನಾಲ್ಕಾರು ದೊಡ್ಡ ಹಡಗುಗಳು ಪ್ರಿನ್ಸ್ ಜಾರ್ಜ್ ಧಕ್ಕೆಗೆ ಬಂದು ನಿಂತರೆ ಬೇ ಸ್ಟ್ರೀಟ್ ಎಂಬ ಒಂದೇ ಬೀದಿಗೆ ಸಾವಿರಾರು ಜನ ಇಳಿಯುತ್ತಾರೆ. ಟ್ಯಾಕ್ಸಿಯವರ ಕೂಗು, ಜಡೆ ಹೆಣೆಯುತ್ತೇವೆಂದು ಕೈಹಿಡಿಯುವವರು, ಒಂದೇ ಬಗೆಯ ಟೀ ಶರ್ಟುಗಳ ಅಂಗಡಿಗಳು. ಇಷ್ಟನ್ನು ನೋಡಿ ಹಡಗಿಗೆ ಮರಳಿದವರಿಗೆ ನಸ್ಸಾ ಬೇಸರ ತರಿಸಿದ್ದು ಸಹಜ. ಆದರೆ ಅದೇ ಧಕ್ಕೆಯಿಂದ ಇಪ್ಪತ್ತು ನಿಮಿಷ ನಡೆದರೆ ರಾಣಿಯ ಮೆಟ್ಟಿಲು ಸಿಗುತ್ತದೆ. 18ನೇ ಶತಮಾನದ ಕೊನೆಯಲ್ಲಿ ಗುಲಾಮರಾಗಿದ್ದ ಆಫ್ರಿಕದ ಜನ ಕೈಯುಪಕರಣಗಳಿಂದ ಸುಣ್ಣಕಲ್ಲಿನ ಗುಡ್ಡವನ್ನು ಸೀಳಿ ಕಡಿದ ದಾರಿ ಅದು. ಕಡಿದದ್ದು 66 ಮೆಟ್ಟಿಲು. ಕೆಳಗಿನದೊಂದು ನೆಲದ ಹಾಸಿನಡಿ ಸೇರಿಹೋಗಿ ಈಗ 65 ಕಾಣುತ್ತವೆ. ಎರಡೂ ಬದಿಯ ಕಲ್ಲುಗೋಡೆಗಳ ನಡುವೆ ಬಿಸಿಲು ಬೀಳದ ಆ ಸೀಳಿನಲ್ಲಿ ನಿಂತು, ಗೋಡೆಯ ಮೇಲೆ ಕೈಯಿಟ್ಟು ಅದರ ಒರಟನ್ನು ಮುಟ್ಟಿದಾಗ, ಈ ದ್ವೀಪಗಳ ಚರಿತ್ರೆ ಯಾರ ದುಡಿಮೆಯ ಮೇಲೆ ನಿಂತಿದೆ ಎಂಬುದು ಯಾವ ಮಾರ್ಗದರ್ಶಿಯ ನೆರವೂ ಇಲ್ಲದೆ ತಿಳಿಯುತ್ತದೆ. ಅದನ್ನು ಕಂಡವರು ನಸ್ಸಾವನ್ನು ಕಳಪೆ ಎನ್ನಲಾರರು ಎಂದು ನನ್ನ ನಂಬಿಕೆ.

ಡೊಮಿನಿಕಾದ ವಿಷಯ ಬೇರೆ. ಅಲ್ಲಿ ಅಭಿಪ್ರಾಯಗಳು ಒಡೆಯುವುದು ಬಯಕೆಯ ಮೇಲೆ. ಬಿಳಿ ಮರಳಿನ ಬೀಚ್ ಹುಡುಕಿ ಹೋದವರು ನಿರಾಶರಾಗಿ ಬರುತ್ತಾರೆ, ಏಕೆಂದರೆ ಅದು ಜ್ವಾಲಾಮುಖಿಗಳಿಂದ ಎದ್ದ ದ್ವೀಪ, ತೀರ ಬಹುಪಾಲು ಕಪ್ಪು ಮರಳು ಮತ್ತು ಕಲ್ಲು. ಕಾಡು ಬಲ್ಲವರಿಗೆ ಅದೇ ಸ್ವರ್ಗ. ರೋಸೋ ಬಂದರಿನಿಂದ ಟ್ರಫಾಲ್ಗರ್ ಜೋಡಿ ಜಲಪಾತಕ್ಕೆ ಹೋಗುವ ತಿರುವು ರಸ್ತೆ ನಿನಗೆ ದೇವಿಮನೆ ಘಟ್ಟದ ಮಳೆಗಾಲವನ್ನೇ ನೆನಪಿಸೀತು. 1997ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೋರ್ನ್ ತ್ರುವಾ ಪಿತೋನ್ ಕಾಡಿನಲ್ಲಿ ನೆಲದ ಬಿಸಿಗೆ ಕುದಿಯುತ್ತಲೇ ಇರುವ ಒಂದು ಸರೋವರವಿದೆ. ಅದಕ್ಕೆ ಇಡೀ ದಿನದ ಕಠಿಣ ಚಾರಣ ಬೇಕಾಗುವುದರಿಂದ ಕ್ರೂಸ್‌ನವರಿಗೆ ಎಟುಕುವುದಿಲ್ಲ. 2017ರ ಸೆಪ್ಟೆಂಬರಿನಲ್ಲಿ ಮಾರಿಯಾ ಚಂಡಮಾರುತ ಆ ದ್ವೀಪದ ಮನೆಗಳ ಮಾಡುಗಳನ್ನೂ ಕಾಡಿನ ಎಲೆಗಳನ್ನೂ ಒಂದೇ ರಾತ್ರಿಯಲ್ಲಿ ಕಿತ್ತೊಯ್ದಿತ್ತು. ಹಸಿರು ಮರಳಿತು, ಜನರೂ ಊರನ್ನು ಮತ್ತೆ ಕಟ್ಟಿಕೊಂಡರು. ಇಂಥ ಊರನ್ನು ಬೀಚಿಲ್ಲವೆಂಬ ಕಾರಣಕ್ಕೆ ಕೊನೆಯ ಸಾಲಿಗೆ ತಳ್ಳುವುದನ್ನು ಕೇಳಿದಾಗ ನನಗೆ ನೋವಾಗುತ್ತದೆ.

ಬೆಲೀಜ್ ಮತ್ತು ಗ್ರಾಂಡ್ ಕೇಮನ್‌ಗಳ ಬಗ್ಗೆ ಬರುವ ದೂರಿಗೆ ಕಾರಣ ಅಲ್ಲಿನ ಸಮುದ್ರ. ಬೆಲೀಜ್ ಸಿಟಿಯ ಎದುರು ಹವಳದ ದಂಡೆಯಿಂದಾಗಿ ನೀರು ಆಳವಿಲ್ಲ, ಹಡಗು ಮೈಲುಗಟ್ಟಲೆ ಆಚೆ ಲಂಗರು ಹಾಕುತ್ತದೆ, ಚಿಕ್ಕ ದೋಣಿಗಳಲ್ಲಿ ದಡ ಸೇರಬೇಕು. ಕೇಮನ್‌ನಲ್ಲಿಯೂ ದೊಡ್ಡ ಹಡಗುಗಳಿಗೆ ಧಕ್ಕೆಯಿಲ್ಲ. ಅಂಥದ್ದನ್ನು ಕಟ್ಟಬೇಕೆ ಎಂದು 2025ರ ಏಪ್ರಿಲ್‌ನಲ್ಲಿ ಜನಮತ ಕೇಳಿದಾಗ ಅಲ್ಲಿನವರು ಬೇಡವೆಂದರು. ತಮ್ಮ ಹವಳ ಉಳಿದರೆ ಸಾಕೆಂಬ ಆ ನಿರ್ಧಾರದ ಬಗ್ಗೆ ನನಗೆ ಗೌರವವಿದೆ. ಆದರೆ ಗಾಳಿ ಜೋರಾದ ದಿನ ದೋಣಿಗಳು ಓಡುವುದಿಲ್ಲ, ಹಡಗು ಬಂದರನ್ನೇ ಬಿಟ್ಟು ಮುಂದೆ ಹೋಗುತ್ತದೆ. ಮಂಡಿನೋವಿರುವ ನಿನ್ನ ಮನೆಯವರು ಅಲುಗಾಡುವ ದೋಣಿಗೆ ಇಳಿದು ಹತ್ತಬೇಕಾಗುತ್ತದೆ ಎಂಬುದನ್ನೂ ಗಮನದಲ್ಲಿಡು. ಕೇಮನ್‌ನಲ್ಲಿ ಇಳಿಯುವುದು ಸಾಧ್ಯವಾದರೆ, ಹಿಂದೆ ಬೆಸ್ತರು ಮೀನು ಹೆಚ್ಚಿ ಚೂರುಗಳನ್ನು ಎಸೆಯುತ್ತಿದ್ದ ಮರಳುದಿಬ್ಬಕ್ಕೆ ಇಂದಿಗೂ ಬರುವ ತೊರಕೆ ಮೀನುಗಳ ನಡುವೆ ಸೊಂಟಮಟ್ಟದ ನೀರಿನಲ್ಲಿ ನಿಲ್ಲಬಹುದು.

ಹೊತ್ತು ಕೆಟ್ಟರೆ ಒಳ್ಳೆಯ ಊರೂ ಕೆಡುತ್ತದೆ ಎಂಬುದಕ್ಕೆ ಅಮೆರಿಕಕ್ಕೇ ಸೇರಿದ ಪೋರ್ಟೊರಿಕೊ ದ್ವೀಪದ ಸಾನ್ ಹುವಾನ್ ಸಾಕ್ಷಿ. ಧಕ್ಕೆಯಿಂದ ಹೊರಬಿದ್ದರೆ ಹಳೆಯ ಊರೇ ಎದುರಿಗಿರುತ್ತದೆ. ನೀಲಿ ಛಾಯೆಯ ಕಲ್ಲುಹಾಸಿನ ಏರುಬೀದಿಗಳು, ಕೊನೆಯಲ್ಲಿ 16ನೇ ಶತಮಾನದಲ್ಲಿ ಕಟ್ಟಲಾರಂಭಿಸಿದ ಎಲ್ ಮೊರೊ ಕೋಟೆ. ಆದರೆ ಹಲವು ಹಡಗುಗಳು ಅಲ್ಲಿಗೆ ಮಧ್ಯಾಹ್ನ ಕಳೆದ ಮೇಲೆ ಬರುತ್ತವೆ, ಕೋಟೆಯ ಬಾಗಿಲು ಸಂಜೆಗೇ ಮುಚ್ಚಿರುತ್ತದೆ. ಕಂಪನಿಯ ಪತ್ರದಲ್ಲಿ ಸಾನ್ ಹುವಾನ್ ಎಂಬ ಹೆಸರು ಕಂಡ ಮಾತ್ರಕ್ಕೆ ಒಪ್ಪಿಕೊಳ್ಳಬೇಡ, ಎದುರಿಗಿರುವ ಗಂಟೆಗಳನ್ನು ಓದು.

ಖಾಸಗಿ ದ್ವೀಪಗಳನ್ನು ಅತ್ಯುತ್ತಮವೆನ್ನುವವರು ಬಹಳ ಮಂದಿ. ರಾಯಲ್ ಕೆರಿಬಿಯನ್‌ನವರ ಕೊಕೊಕೇ, ಡಿಸ್ನಿಯವರ ಕ್ಯಾಸ್ಟ್‌ಅವೇ ಕೇ ಇವೆಲ್ಲ ಶುಚಿಯಾಗಿವೆ, ಯಾರ ಕಿರಿಕಿರಿಯೂ ಇಲ್ಲ, ಮೊಮ್ಮಕ್ಕಳಿಗಂತೂ ಹಬ್ಬ. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅಲ್ಲಿ ಒಂದು ಊರಿಲ್ಲ, ಶಾಲೆಯಿಲ್ಲ, ಸಂತೆಯಿಲ್ಲ. ಹಡಗಿನ ಈಜುಕೊಳವೇ ಮರಳಿನ ಮೇಲೆ ಹರಡಿಕೊಂಡಂತಿರುತ್ತದೆ. ಅಷ್ಟು ದೂರದಿಂದ ಬರುವ ನಿನಗೆ ಒಂದು ದಿನಕ್ಕಿಂತ ಹೆಚ್ಚನ್ನು ಅದಕ್ಕೆ ಕೊಡಬೇಡ ಎನ್ನುತ್ತೇನೆ. ಜಮೈಕಾದ ಫಾಲ್ಮತ್‌ನಲ್ಲಿ ಇದೇ ಸಮಸ್ಯೆಯ ಇನ್ನೊಂದು ಮುಖವಿದೆ. ಬ್ರಿಟನ್ನಿನ ಜಾರ್ಜ್ ದೊರೆಗಳ ಕಾಲದ ಸುಂದರ ಕಟ್ಟಡಗಳ ಆ ಹಳೆಯ ಊರಿನ ಪಕ್ಕದಲ್ಲೇ 2011ರಲ್ಲಿ ಭಾರಿ ಹಡಗುಗಳಿಗೆಂದು ಹೊಸ ಬಂದರು ತೆರೆಯಿತು. ಬೇಲಿಯೊಳಗೆ ಅಂಗಡಿಗಳ ಸಾಲು, ಹೊರಗೆ ಊರು. ಬಹಳಷ್ಟು ಪ್ರಯಾಣಿಕರು ಒಳಗೇ ತಿರುಗಾಡಿ ಮರಳಿ, ನೋಡಲು ಏನೂ ಇಲ್ಲವೆನ್ನುತ್ತಾರೆ. ಬೇಲಿಯ ಆಚೆ ಹಣ್ಣು ಮಾರುವವಳ ಕೈಗೆ ಅವರ ಒಂದು ಡಾಲರೂ ಸೇರುವುದಿಲ್ಲ. ಸಾಲದ್ದಕ್ಕೆ ಅವಳ ಊರಿಗೆ ಕಳಪೆ ಎಂಬ ಹೆಸರೂ ಬರುತ್ತದೆ. ಇದು ನ್ಯಾಯವಲ್ಲ.

ಇನ್ನು ನನ್ನ ಮನಸ್ಸಿನ ಊರುಗಳಿಗೆ ಬರುತ್ತೇನೆ. ಧಕ್ಕೆ ಮುಗಿದಲ್ಲೇ ಜನ ಬದುಕುವ ಊರು ಶುರುವಾಗುವ ಬಂದರುಗಳು ದಕ್ಷಿಣದ ಕಡೆ ಹೆಚ್ಚು. ಕುರಸಾವ್‌ನ ವಿಲ್ಲೆಮ್‌ಸ್ಟಾಡ್‌ನಲ್ಲಿ ಹಡಗಿನಿಂದ ಇಳಿದು ಒಂದಿಷ್ಟು ನಡೆದರೆ 1888ರಲ್ಲಿ ಮೊದಲು ಕಟ್ಟಿದ ರಾಣಿ ಎಮ್ಮಾ ಸೇತುವೆ ಎದುರಾಗುತ್ತದೆ. ಅದು ಕಂಬಗಳ ಮೇಲೆ ನಿಂತಿಲ್ಲ, ಸಾಲು ದೋಣಿಗಳ ಮೇಲೆ ತೇಲುತ್ತದೆ. ಒಳಬಂದರಿಗೆ ಹಡಗು ಬರುವಾಗ ಗಂಟೆ ಬಾರಿಸಿ, ತುದಿಯಲ್ಲಿರುವ ಎಂಜಿನ್ನು ಚಾಲೂ ಮಾಡಿ, ಇಡೀ ಸೇತುವೆಯನ್ನು ಬಾಗಿಲಿನಂತೆ ಒಂದು ಬದಿಗೆ ಸರಿಸುತ್ತಾರೆ. ಶಾಲೆಯ ಮಕ್ಕಳು, ತರಕಾರಿ ಚೀಲ ಹಿಡಿದ ಹೆಂಗಸರು, ಕೆಲಸಕ್ಕೆ ಹೊರಟವರು ಯಾರೂ ಗಾಬರಿಯಾಗುವುದಿಲ್ಲ. ಅರ್ಧ ದಾರಿಯಲ್ಲಿದ್ದವರು ಕಟಕಟೆಗೆ ಒರಗಿ ಅದರ ಜೊತೆಗೇ ತೇಲುತ್ತಾರೆ, ಅವಸರವಿದ್ದವರು ಪಕ್ಕದ ಪುಕ್ಕಟೆ ದೋಣಿಗೆ ಹೋಗುತ್ತಾರೆ. ಆಚೆ ದಡದ ಹಳದಿ, ನೀಲಿ, ಕೆಂಪು ಮನೆಗಳ ಸಾಲನ್ನು ಚಿತ್ರಗಳಲ್ಲಿ ನೀನು ನೋಡಿಯೇ ಇರುತ್ತೀಯೆ. ನನಗೆ ಆ ಸಾಲಿಗಿಂತ ಸೇತುವೆಯ ಮೇಲಿನ ಜನಜೀವನವೇ ಹೆಚ್ಚು ಇಷ್ಟವಾಯಿತು.

ಗ್ರೆನಡಾದ ಸೇಂಟ್ ಜಾರ್ಜಸ್ ಅನ್ನು ನೀನು ಬಿಡಲೇಬಾರದು. ಅಡಿಕೆ ತೋಟದ ನಡುವೆ ಜಾಯಿಕಾಯಿ ಮರ ಬೆಳೆಸಿದವನಿಗೆ, ತನ್ನ ಬಾವುಟದ ಮೇಲೆಯೇ ಜಾಯಿಕಾಯಿಯ ಚಿತ್ರವಿಟ್ಟುಕೊಂಡ ದೇಶ ಪರಕೀಯವಾಗುವುದು ಹೇಗೆ? ಸಂತೆಯಲ್ಲಿ ಹಣ್ಣು ಬಿರಿದು, ಹಳದಿ ಸಿಪ್ಪೆಯ ಸೀಳಿನಲ್ಲಿ ಕಡುಗೆಂಪು ಜಾಪತ್ರೆಯ ಬಲೆ ಸುತ್ತಿಕೊಂಡ ಕಂದುಬೀಜ ಕಾಣುತ್ತಿರುತ್ತದೆ. ನಿಮ್ಮ ಶಿರಸಿಯ ಕಡೆ ಸಿಪ್ಪೆಯಿಂದ ಉಪ್ಪಿನಕಾಯಿ ಹಾಕುವಂತೆ ಅವರು ಜಾಮ್ ಮತ್ತು ಪಾನಕ ಮಾಡುತ್ತಾರೆ. 2004ರ ಸೆಪ್ಟೆಂಬರಿನಲ್ಲಿ ಐವನ್ ಚಂಡಮಾರುತಕ್ಕೆ ಸಿಕ್ಕಿ ಅಲ್ಲಿನ ಜಾಯಿಕಾಯಿ ಮರಗಳಲ್ಲಿ ಹೆಚ್ಚಿನವು ನೆಲಕ್ಕೊರಗಿದವು. ನೆಟ್ಟ ಗಿಡ ಫಲಕ್ಕೆ ಬರಲು ಎಷ್ಟು ವರ್ಷ ಕಾಯಬೇಕೆಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು! 1857ರಲ್ಲಿ ಕೂಲಿ ಕರಾರಿನ ಮೇಲೆ ಭಾರತದವರನ್ನು ಹೊತ್ತು ಮೇಡ್‌ಸ್ಟೋನ್ ಎಂಬ ಹಡಗು ಬಂದದ್ದೂ ಇದೇ ದ್ವೀಪಕ್ಕೆ. ಕುದುರೆಲಾಳದ ಆಕಾರದ ಅಲ್ಲಿನ ಬಂದರು ಕೆರಿಬಿಯನ್ನಿನಲ್ಲೇ ಅತಿ ಚೆಲುವಾದದ್ದೆಂದು ಹಲವರು ಹೇಳುತ್ತಾರೆ. ನಾನೂ ಆ ಪಕ್ಷದವನೇ.

ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ಉಳಿದವರು ಕಾರ್ಲೈಲ್ ಕೊಲ್ಲಿಯ ಆಮೆಗಳನ್ನು ನೋಡಲು ಓಡುವಾಗ ನೀನು ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನದ ಕಡೆಗೆ ಹೆಜ್ಜೆ ಹಾಕುವೆಯೆಂದು ನನಗೆ ಗೊತ್ತು. ಬಂದರಿನಿಂದ ನಡೆದೇ ಹೋಗಬಹುದು. ಹೊರಗೆ ಗ್ಯಾರಿ ಸೋಬರ್ಸ್ ಅವರ ಪ್ರತಿಮೆಯಿದೆ. 2024ರ ಜೂನ್ 29ರಂದು ಭಾರತ ದಕ್ಷಿಣ ಆಫ್ರಿಕವನ್ನು 7 ರನ್ನುಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದದ್ದು ಅದೇ ಅಂಗಳದಲ್ಲಿ. 2007ರಲ್ಲಿ ಇದೇ ವೆಸ್ಟ್ ಇಂಡೀಸ್‌ನಲ್ಲಿ ನಾಯಕನಾಗಿ ಮೊದಲ ಸುತ್ತಿನಲ್ಲೇ ಸೋತು ಮರಳಿದ್ದ ನಮ್ಮ ರಾಹುಲ್ ದ್ರಾವಿಡ್, ಅಂದು ತರಬೇತುದಾರನಾಗಿ ಕಪ್ಪನ್ನು ಎತ್ತಿಹಿಡಿದು ಕೂಗಿದ್ದನ್ನು ನಾವಿಬ್ಬರೂ ಫೋನಿನಲ್ಲಿ ಎಷ್ಟು ಸಲ ಮಾತಾಡಿಕೊಂಡಿಲ್ಲ!

ಸೇಂಟ್ ಥಾಮಸ್ ಸುಂಕವಿಲ್ಲದ ಒಡವೆ ಅಂಗಡಿಗಳ ಊರು, ಅಂಗಡಿ ಬೇಡವಾದರೆ ಮೇಗನ್ಸ್ ಕೊಲ್ಲಿಗೆ ಹೋಗಬಹುದು. ಸೇಂಟ್ ಮಾರ್ಟಿನ್‌ನಲ್ಲಿ ತಲೆಯ ಮೇಲೇ ವಿಮಾನ ಇಳಿಯುವ ಮಾಹೊ ಬೀಚನ್ನು ಎಲ್ಲರೂ ಹೊಗಳುತ್ತಾರೆ. ನೋಡು, ಆದರೆ ವಿಮಾನ ಮೇಲೇರುವಾಗ ಬೇಲಿಯ ಹತ್ತಿರ ನಿಲ್ಲಬೇಡ, 2017ರಲ್ಲಿ ಆ ಗಾಳಿಯ ರಭಸಕ್ಕೆ ಒಬ್ಬ ಪ್ರವಾಸಿ ಪ್ರಾಣ ಕಳೆದುಕೊಂಡಿದ್ದಾರೆ. ಮೆಕ್ಸಿಕೊದ ಕೊಝುಮೆಲ್ ನೀರಿನಡಿಯ ಹವಳ ನೋಡುವವರಿಗೆ ಸರಿ, ಈಜು ಬಾರದ ನಮ್ಮಂಥವರಿಗೆ ಅಷ್ಟಕ್ಕಷ್ಟೆ.

ದಕ್ಷಿಣದ ದ್ವೀಪಗಳಿಗೆ ಹೋಗುವ ಏಳು ರಾತ್ರಿಯ ಯಾನಗಳಲ್ಲಿ ಹಲವು ಸಾನ್ ಹುವಾನ್‌ನಿಂದಲೇ ಹೊರಡುತ್ತವೆ. ವಿಮಾನದ ಖರ್ಚು ಹೆಚ್ಚಾದರೂ ಹಿಂದಿನ ದಿನವೇ ಅಲ್ಲಿಗೆ ಹೋಗಿ ಉಳಿದರೆ ಕೋಟೆಯನ್ನು ಹಗಲಿನಲ್ಲೇ ನೋಡಿದಂತಾಗುತ್ತದೆ. ಹಡಗು ದ್ವೀಪಗಳಿಗೆ ಹೋಗಿ ಮತ್ತೆ ಅಮೆರಿಕಕ್ಕೆ ಮರಳುವುದರಿಂದ ನಿಮ್ಮ ವೀಸಾ ಒಂದಕ್ಕಿಂತ ಹೆಚ್ಚು ಸಲದ ಪ್ರವೇಶಕ್ಕೆ ಅನುಮತಿಯಿರುವಂಥದ್ದೇ ಎಂದು ಈಗಲೇ ನೋಡಿಕೊ. ಪ್ರತಿ ದ್ವೀಪದ ನಿಯಮವನ್ನೂ ಕಂಪನಿಯವರಿಂದ ಬರಹದಲ್ಲಿ ಕೇಳು. ಹಡಗಿನ ಗಡಿಯಾರಕ್ಕೂ ದಡದ ಗಡಿಯಾರಕ್ಕೂ ಕೆಲವೆಡೆ ಒಂದು ತಾಸಿನ ವ್ಯತ್ಯಾಸವಿರುತ್ತದೆ. ಕೈಗಡಿಯಾರವನ್ನು ಹಡಗಿನ ಸಮಯಕ್ಕೇ ಬಿಡು, ಏಕೆಂದರೆ ತಾವಾಗಿ ತಿರುಗಲು ಹೋಗಿ ತಡಮಾಡಿದವರಿಗಾಗಿ ಹಡಗು ಕಾಯುವುದಿಲ್ಲ.

ನೀನು ನೋಡಿಟ್ಟಿರುವ ಯಾನಗಳ ಬಂದರುಪಟ್ಟಿಯನ್ನು, ಬಂದು ಹೋಗುವ ಗಂಟೆಗಳ ಸಮೇತ ನನಗೆ ಕಳಿಸು. ಆ ದಿನಗಳಲ್ಲಿ ಪ್ರತಿ ಬಂದರಿಗೆ ಇನ್ನೆಷ್ಟು ಹಡಗುಗಳು ಬರುತ್ತವೆಂದು ನಾನು ನೋಡಿ ತಿಳಿಸುತ್ತೇನೆ. ಮುಂಗಡ ಹಣವನ್ನು ಅಲ್ಲಿಯವರೆಗೆ ಕಟ್ಟಬೇಡ.

ನಿನ್ನ ಮನೆಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ
ಗೆಳೆಯ