ಮನವಿ ಕೊಡುತ್ತಾ ಕೂತರೆ ಅವಧಿ ಮೀರುತ್ತದೆ

ಮಾನ್ಯರೇ,

ಬಡ್ತಿ, ಜ್ಯೇಷ್ಠತೆ, ವೇತನ ನಿಗದಿಯ ತಕರಾರುಗಳೊಂದಿಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗುವ ಸರ್ಕಾರಿ ನೌಕರರ ಎಷ್ಟೋ ಅರ್ಜಿಗಳು ವಿಳಂಬದ ಕಾರಣಕ್ಕೇ ವಜಾ ಆಗುತ್ತವೆ. ನ್ಯಾಯವಾದ ಬೇಡಿಕೆ ಹೀಗೆ ಬಿದ್ದುಹೋಗುವುದು ನಿಜಕ್ಕೂ ಸಂಕಟದ ವಿಷಯ.

ಆಡಳಿತ ನ್ಯಾಯಮಂಡಳಿಗಳ ಕಾಯ್ದೆ–1985ರ 20ನೇ ಕಲಂ ಪ್ರಕಾರ, ಇಲಾಖೆಯೊಳಗೆ ಮೇಲ್ಮನವಿಗೆ ಅವಕಾಶವಿದ್ದರೆ ಸಾಮಾನ್ಯವಾಗಿ ಅದನ್ನು ಮೊದಲು ಬಳಸಿರಬೇಕು. ಅಂತಿಮ ಆದೇಶ ಬಂದ ಮೇಲೆ 21ನೇ ಕಲಂ ಕೊಡುವ ಗಡುವು ಒಂದು ವರ್ಷ. ಉತ್ತರವೇ ಬರದಿದ್ದರೆ ಆರು ತಿಂಗಳು ಕಾದು, ಅಲ್ಲಿಂದ ಒಂದು ವರ್ಷ. ಅಂದರೆ 2025ರ ಜನವರಿ 10ರಂದು ಕೊಟ್ಟ ಮೇಲ್ಮನವಿಗೆ ಉತ್ತರ ಸಿಗದಿದ್ದರೆ 2026ರ ಜುಲೈ 10ರ ಹೊತ್ತಿಗೆ ಬಾಗಿಲು ಮುಚ್ಚುತ್ತದೆ. ನಡುವೆ ಎಷ್ಟು ನೆನಪೋಲೆ ಬರೆದರೂ ಲೆಕ್ಕ ಬದಲಾಗದು. ಕಾನೂನಿನಲ್ಲಿ ಅವಕಾಶವಿಲ್ಲದ ಮನವಿಗಳನ್ನು ಪದೇ ಪದೇ ಕೊಟ್ಟರೆ ಅವಧಿ ಬೆಳೆಯದು ಎಂದು ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ 1989ರಲ್ಲೇ ಎಸ್.ಎಸ್. ರಾಥೋಡ್ ಪ್ರಕರಣದಲ್ಲಿ ಹೇಳಿದೆ.

ಮೇಲ್ಮನವಿಯ ಕಚೇರಿ ಪ್ರತಿಗೆ ಟಪಾಲು ಶಾಖೆಯ ಮೊಹರು, ದಿನಾಂಕ ಹಾಕಿಸಿಕೊಳ್ಳಲೇಬೇಕು. ಮುಂದೆ ಅದೇ ಪುರಾವೆ. ತಡವಾಗಿದ್ದರೆ ವಿಳಂಬ ಮನ್ನಿಸುವಂತೆ ಕಾರಣಸಹಿತ ಕೋರಿಕೆ ಸಲ್ಲಿಸಬೇಕು. ‘ಕೆಲಸದ ಒತ್ತಡವಿತ್ತು’ ಎಂಬಷ್ಟೇ ವಿವರಣೆ ನಿಲ್ಲುವುದು ಕಷ್ಟ. ಆಸ್ಪತ್ರೆಯ ದಾಖಲೆಯಂಥ ಆಧಾರ ಬೇಕು.

ಇಲಾಖೆಗಳೂ ಪ್ರತಿ ಆದೇಶದ ಕೊನೆಯಲ್ಲಿ ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂದು ನಮೂದಿಸಲಿ. ಎರಡು ಸಾಲು ಸೇರಿಸಲು ಹೊಸ ಕಾನೂನೇನೂ ಬೇಕಿಲ್ಲ.

– ನಿವೃತ್ತ ಸರ್ಕಾರಿ ನೌಕರ, ಧಾರವಾಡ