ಕಮಾಂಡ್ ಕಾಣದಿದ್ದರೆ ಫಾರ್ಮ್ಯಾಟ್ ಬೇಡ

ಮಾನ್ಯರೇ,

ಸಕಲೇಶಪುರ, ಮೂಡಿಗೆರೆ ಕಡೆ ಮಳೆ ಹಿಡಿದರೆ ಕರೆಂಟಿನ ಭರವಸೆ ಇಲ್ಲ. ಕಾಲೇಜು ಲ್ಯಾಬಿನ ಕಂಪ್ಯೂಟರುಗಳಲ್ಲಿ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಅಪ್‌ಗ್ರೇಡ್ ನಡೆಯುವಾಗಲೇ ಕರೆಂಟ್ ಹೋದರೆ, ಮರುದಿನ ಕಮಾಂಡ್ ಬರೆಯುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ, ಜಾವಾ ಭಾಷೆಯ ಪ್ರೋಗ್ರಾಂ ಓಡಿಸಲು 'ಜಾವಾ' ಎಂದು ಟೈಪಿಸಿದವರಿಗೆ ಸಿಗುವುದು 'ಕಮಾಂಡ್ ನಾಟ್ ಫೌಂಡ್'. ಅಷ್ಟಕ್ಕೇ ಫಾರ್ಮ್ಯಾಟ್ ಹೊಡೆಸಿ, ಮಕ್ಕಳು ಬರೆದಿಟ್ಟ ಪ್ರೋಗ್ರಾಮುಗಳನ್ನೂ ಕಳೆಯುವುದು ಶುದ್ಧ ದಂಡ.

/ಯುಎಸ್ಆರ್/ಬಿನ್ ಒಳಗಿನ 'ಜಾವಾ' ಅಸಲಿ ಫೈಲಲ್ಲ, ಬೇರೆಡೆ ಇರುವ ಫೈಲಿನತ್ತ ಕೈ ತೋರಿಸುವ ಬರೀ ಕೊಂಡಿ (ಲಿಂಕ್). ಅದು /ಇಟಿಸಿ/ಆಲ್ಟರ್ನೇಟಿವ್ಸ್ ಒಳಗಿನ ಇನ್ನೊಂದು ಕೊಂಡಿಯನ್ನೂ, ಆ ಕೊಂಡಿ ಅಸಲಿ ಫೈಲನ್ನೂ ತೋರಿಸುತ್ತದೆ. ಅಪ್‌ಗ್ರೇಡಿನಲ್ಲಿ ಫೈಲುಗಳು ಮೊದಲು ಬಿಚ್ಚಿಕೊಳ್ಳುತ್ತವೆ. ಈ ಬಗೆಯ ಕೊಂಡಿ ಏರ್ಪಡುವುದು ಆಮೇಲಿನ ಕಾನ್ಫಿಗರ್ (ಹೊಂದಿಸುವ) ಹಂತದಲ್ಲಿ. ನಡುವೆ ನಿಂತರೆ ಜಾವಾ ಡಿಸ್ಕಿನಲ್ಲೇ ಇರುತ್ತದೆ, ದಾರಿ ಇರುವುದಿಲ್ಲ. 'ಡಿಪಿಕೆಜಿ -ಎಲ್' (ಇಲ್ಲಿ ಎಲ್ ಸಣ್ಣಕ್ಷರ) ಕೊಟ್ಟರೆ ಬರುವ ಪ್ಯಾಕೇಜುಗಳ, ಅಂದರೆ ಸಾಫ್ಟ್‌ವೇರ್ ಕಟ್ಟುಗಳ ಪಟ್ಟಿಯಲ್ಲಿ ಸಾಲಿನ ಮೊದಲಿಗೆ 'ಐಐ' (ಸರಿಯಾಗಿ ಕೂತಿದೆ) ಬದಲು 'ಐಯು' (ಬಿಚ್ಚಿದೆ, ಕಾನ್ಫಿಗರ್ ಆಗಿಲ್ಲ) ಅಥವಾ 'ಐಎಫ್' (ಕಾನ್ಫಿಗರ್ ಅರ್ಧಕ್ಕೆ ನಿಂತಿದೆ) ಕಂಡರೆ ಇದೇ ಕಾಯಿಲೆ. 'ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ' ಕೊಡಿ ('ಸುಡೋ' ಎಂದರೆ ನಿರ್ವಾಹಕರ ಅಧಿಕಾರದಲ್ಲಿ ಓಡಿಸು ಎಂದು), ಬಳಿಕ ಪ್ಯಾಕೇಜ್ ಹಾಕುವ ಸಾಧನವಾದ ಆಪ್ಟ್ (apt) ಬಳಸಿ 'ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್'.

ಎಲ್ಲ 'ಐಐ' ಇದ್ದೂ ಕಮಾಂಡ್ ಇಲ್ಲವೇ? 'ಫೈಂಡ್ /ಯುಎಸ್ಆರ್/ಬಿನ್ -ಎಕ್ಸ್‌ಟೈಪ್ ಎಲ್' ಕೊಟ್ಟರೆ ಗುರಿ ತಪ್ಪಿದ ಕೊಂಡಿಗಳೆಲ್ಲ ಸಾಲಾಗಿ ಬರುತ್ತವೆ. ಯಾರೋ /ಆಪ್ಟ್ (opt) ಫೋಲ್ಡರಿನೊಳಗೆ ಕೈಯಾರೆ ಬಿಚ್ಚಿಟ್ಟಿದ್ದ ಜಾವಾ ಫೋಲ್ಡರನ್ನು ಜಾಗ ಮಾಡಲು ಅಳಿಸಿದ್ದರೆ ಹೀಗಾಗುತ್ತದೆ. 'ಸುಡೋ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಆಟೋ ಜಾವಾ' ಎಂದರೆ ಇರುವ ಆವೃತ್ತಿಗೆ ಕೊಂಡಿ ತಿರುಗುತ್ತದೆ. ನೀವೇ ಆರಿಸಬೇಕಿದ್ದರೆ '--ಆಟೋ' ಬದಲು '--ಕಾನ್ಫಿಗ್'. ಫೈಲ್ ಜಾಗ ಬದಲಿಸಿದ ಮೇಲೂ ಟರ್ಮಿನಲ್ ಹಳೇ ವಿಳಾಸವನ್ನೇ ಹೇಳಿ 'ನೋ ಸಚ್ ಫೈಲ್' ಎಂದರೆ, ಅದು ಟರ್ಮಿನಲ್ಲಿನಲ್ಲಿ ಕಮಾಂಡ್ ಓದಿ ನಡೆಸುವ ಬ್ಯಾಶ್‌ನ ನೆನಪು ಅಷ್ಟೇ. 'ಹ್ಯಾಶ್ -ಆರ್' ಸಾಕು.

ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್ ಕಥೆ ಬೇರೆ. ಉಬುಂಟು 20.04ರಿಂದೀಚೆ ಹೊಸದಾಗಿ ಹಾಕಿದ ಯಂತ್ರದಲ್ಲಿ 'ಪೈಥಾನ್3' ಮಾತ್ರ ಇರುತ್ತದೆ. ಬರೀ 'ಪೈಥಾನ್' ಬೇಕಿದ್ದರೆ 'ಪೈಥಾನ್-ಈಸ್-ಪೈಥಾನ್3' ಪ್ಯಾಕೇಜ್ ಹಾಕಿಕೊಳ್ಳಿ. 'ಪೈಥಾನ್3' ಕೊಂಡಿಯನ್ನೇ ಬೇರೆ ಆವೃತ್ತಿಗೆ ತಿರುಗಿಸುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ: ಆಪ್ಟ್‌ನ ಸಹಾಯಕ ಸಾಧನಗಳು ಅದನ್ನೇ ನಂಬಿವೆ, ಕೆಲವೊಮ್ಮೆ ಟರ್ಮಿನಲ್ಲೇ ತೆರೆಯುವುದಿಲ್ಲ. ನಿಮ್ಮದೇ ಕೊಂಡಿಗಳನ್ನು /ಯುಎಸ್ಆರ್/ಲೋಕಲ್/ಬಿನ್ ಒಳಗಿಡಿ, ಪ್ಯಾಕೇಜುಗಳು ಅಲ್ಲಿಗೆ ಕೈ ಹಾಕುವುದಿಲ್ಲ.

— ಲಿನಕ್ಸ್ ಲ್ಯಾಬ್ ನಿರ್ವಾಹಕರು, ಹಾಸನ